ಬಿಸಿಯೂಟದ ಅಡುಗೆಮನೆ: ಲಕ್ಷಣ ನೋಡಿ ದೋಷ ಪತ್ತೆ ಹಚ್ಚುವ ಕೈಪಿಡಿ

ಬಿಸಿಯೂಟ ಕೆಟ್ಟಿತೆಂದರೆ ಮೊದಲ ಮಾತು ಬೀಳುವುದು ಅಡುಗೆಯವರ ಮೇಲೆ. ಉಪ್ಪು ಹೆಚ್ಚಾಯಿತು, ತಳ ಹಿಡಿಯಿತು ಅಂದರೆ ಅದು ಕೈತಪ್ಪು, ಒಪ್ಪೋಣ. ಆದರೆ ಅನ್ನ ಸಾಲದಿರುವುದು, ಬೇಳೆ ಬೇಯದಿರುವುದು, ಸಿಲಿಂಡರ್ ಬೇಗ ಮುಗಿಯುವುದು, ಹಾಲು ಒಡೆಯುವುದು, ಇವುಗಳ ಬೇರು ಬಹುಪಾಲು ಒಲೆಯ ಹತ್ತಿರ ಸಿಗುವುದಿಲ್ಲ. ಹಾಜರಿ ಎಣಿಸಿದ ಹೊತ್ತು, ತಕ್ಕಡಿ, ಉಗ್ರಾಣ, ನೀರಿನ ತೊಟ್ಟಿ, ಈ ನಾಲ್ಕು ಕಡೆ ಹುಡುಕಿದರೆ ಸಿಗುತ್ತದೆ. ಅದಕ್ಕೇ ಕೆಳಗೆ ಪ್ರತಿ ತೊಂದರೆಗೂ ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಮೆಕ್ಯಾನಿಕ್ಕನ್ನೋ ಅಧಿಕಾರಿಯನ್ನೋ ಕರೆಯುವುದು ಕೊನೆಗೆ.

ಇದು ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹದಡಿ ಶಾಲೆಯಲ್ಲೇ ಬೇಯಿಸಿ ಬಡಿಸುವ ಅಡುಗೆಮನೆಗಳಿಗಾಗಿ. 2002ರಲ್ಲಿ ಈಶಾನ್ಯ ಕರ್ನಾಟಕದ ಕಡೆಯ ಏಳು ಜಿಲ್ಲೆಗಳಲ್ಲಿ ಐದನೇ ತರಗತಿಯವರೆಗೆ ಶುರುವಾದದ್ದು ಇವತ್ತು ಹತ್ತನೇ ತರಗತಿ ಮುಟ್ಟಿದೆ. 2021ರಿಂದ ಕೇಂದ್ರದ ಕಾಗದಗಳಲ್ಲಿ ಹೆಸರು ಪಿಎಂ ಪೋಷಣ್. ಹೆಸರು ಬದಲಾದರೂ ಡಬರಿ, ಸೌಟು, ತೊಂದರೆ ಎಲ್ಲ ಅವೇ.

ಇವು ಕಂಡರೆ ಮುಂದೆ ಓದುತ್ತಾ ಕೂರಬೇಡಿ

ಗ್ಯಾಸ್ ವಾಸನೆ: ಲೈಟು, ಫ್ಯಾನು, ಮಿಕ್ಸಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆರಿಸಲಿಕ್ಕೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲು ಬೇಕೇ ಬೇಕು. ಹೊರಗೆ ಬಂದಮೇಲೆ 1906ಕ್ಕೆ ಕರೆ ಮಾಡಿ.

ಎಣ್ಣೆಗೋ ಅಡುಗೆಗೋ ಸೀಮೆಎಣ್ಣೆ, ಬಣ್ಣ, ಗದ್ದೆಗೆ ಹೊಡೆಯುವ ಔಷಧದ ವಾಸನೆ: ನಾಲಿಗೆಗೆ ಇಟ್ಟೂ ನೋಡಬೇಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ಕೀಟನಾಶಕ, ಫಿನಾಯಿಲ್, ಆಸಿಡ್ ಇದ್ದ ಡಬ್ಬಿ ಎಷ್ಟು ತೊಳೆದರೂ ಅಡುಗೆಮನೆಗೆ ಬರಕೂಡದು.

ಹಲ್ಲಿ, ಇಲಿ, ಜಿರಲೆ ಸಾಂಬಾರಿನಲ್ಲಿ ಕಂಡಿತು: ಇಡೀ ಪಾತ್ರೆ ಬಿಟ್ಟುಬಿಡಿ. ಹಲ್ಲಿಯೇ ವಿಷವೋ ಅಲ್ಲವೋ ಎಂಬ ಚರ್ಚೆ ಆಮೇಲೆ. ಅದು ತರುವ ರೋಗಾಣು ಸಾಕು. ಚೆಲ್ಲಲು ಕೈ ಬಾರದಿರುವುದು ಮಕ್ಕಳು ಹಸಿದಿರುತ್ತಾರೆಂದು. ಅದಕ್ಕೊಂದು ದಾರಿ ಮೊದಲೇ ಇಟ್ಟುಕೊಳ್ಳಿ: ನಿಂಬೆಹಣ್ಣು, ಕಡಲೆಬೀಜ, ಸಾಸಿವೆ, ಅರಿಶಿನ ಯಾವಾಗಲೂ ಡಬ್ಬಿಯಲ್ಲಿದ್ದರೆ, ಆದ ಅನ್ನವನ್ನೇ ಅರ್ಧ ಗಂಟೆಯಲ್ಲಿ ಚಿತ್ರಾನ್ನ ಮಾಡಬಹುದು.

ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ ವಾಂತಿ: ಬಡಿಸುವುದು ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಕೊನೆಯ ಭಾಗಕ್ಕೆ ಹೋಗಿ.

ಅನ್ನ ಸಾಲಲಿಲ್ಲ, ಇಲ್ಲವೇ ದಿನಾ ಮಿಗುತ್ತದೆ

ಲೆಕ್ಕಕ್ಕೆ ಒಂದು ಶಾಲೆ ಇಟ್ಟುಕೊಳ್ಳೋಣ: 1ರಿಂದ 5ನೇ ತರಗತಿಯಲ್ಲಿ 80 ಮಕ್ಕಳು, 6 ಮತ್ತು 7ರಲ್ಲಿ 40. ಚಿಕ್ಕ ಮಕ್ಕಳಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ದೊಡ್ಡವರಿಗೆ 150, 30, 75 ಮತ್ತು 7.5 ಗ್ರಾಂ. ಕೂಡಿದರೆ ಅಕ್ಕಿ 8 + 6 = 14 ಕಿಲೋ, ಬೇಳೆ 2.8 ಕಿಲೋ, ತರಕಾರಿ 7 ಕಿಲೋ, ಎಣ್ಣೆ 700 ಗ್ರಾಂ. ನಿಮ್ಮ ಶಾಲೆಯ ಇದೇ ಲೆಕ್ಕವನ್ನು ಹತ್ತು ಹತ್ತು ಮಕ್ಕಳಿಗೆ ಏರಿಸಿ ಗೋಡೆಗೆ ಅಂಟಿಸಿ. ದಿನಾ ಬೆಳಿಗ್ಗೆ ಗುಣಾಕಾರ ಮಾಡುವ ಕಡೆಯೇ ತಪ್ಪು ನುಸುಳುವುದು.

ಮೊದಲು ಕೇಳಬೇಕಾದ ಪ್ರಶ್ನೆ: ಇವತ್ತಿನ ಸಂಖ್ಯೆಯನ್ನು ಯಾರು, ಎಷ್ಟು ಹೊತ್ತಿಗೆ ಕೊಟ್ಟರು? ದಾಖಲಾತಿ 120 ಇದ್ದು ಬಂದವರು 97 ಆದರೆ, ಎರಡೂವರೆ ಕಿಲೋಗೂ ಹೆಚ್ಚು ಅಕ್ಕಿ ಸುಮ್ಮನೆ ಬೆಂದ ಹಾಗೆ. ಸಂತೆ ದಿನ, ಊರ ಜಾತ್ರೆ, ಸುಗ್ಗಿ, ಹಬ್ಬದ ಮರುದಿನ ಈ ಅಂತರ ದೊಡ್ಡದು. ಹಾಜರಿ ಕೂಗಿದ ಮೇಲೆ, ಅಕ್ಕಿ ತೊಳೆಯುವ ಮೊದಲು, ತರಗತಿವಾರು ಸಂಖ್ಯೆ ಚೀಟಿಯಲ್ಲಿ ಅಡುಗೆಮನೆಗೆ ಬರಬೇಕು. ಬಾಯಿಮಾತಿನ "ನಿನ್ನೆಯಷ್ಟೇ ಹಾಕಿ" ಬೇಡ.

ಸಂಖ್ಯೆ ಸರಿಯಿದ್ದರೆ ತಕ್ಕಡಿ. ಒಡೆಯದ 1 ಕಿಲೋ ಉಪ್ಪಿನ ಪ್ಯಾಕೆಟ್ ಇಟ್ಟು ನೋಡಿ. ಐದು ಪ್ಯಾಕೆಟ್ ಇಟ್ಟರೆ ಇನ್ನೂ ಚೆನ್ನ. ಡಬ್ಬಿಯಲ್ಲಿ ಅಳೆಯುವ ರೂಢಿಯಿದ್ದರೆ ದೋಷ ಹೆಚ್ಚುಕಡಿಮೆ ಅಲ್ಲೇ. ತಲೆಗಟ್ಟಿ ಅಳೆದ ಡಬ್ಬಿಗೂ ಸಮ ಮಾಡಿ ಅಳೆದ ಡಬ್ಬಿಗೂ ವ್ಯತ್ಯಾಸ ಎಷ್ಟಿದೆ ಎಂದು ಒಮ್ಮೆ ತೂಗಿ ನೋಡಿದರೆ ಮತ್ತೆ ಡಬ್ಬಿ ಮುಟ್ಟುವುದಿಲ್ಲ. ಡಬ್ಬಿ ಬಿಡಲಾಗದಿದ್ದರೆ ಹೊಸ ಲೋಡು ಬಂದಾಗಲೆಲ್ಲ ಒಂದು ಡಬ್ಬಿ ತೂಗಿ, ತೂಕವನ್ನು ಡಬ್ಬಿಯ ಮೇಲೇ ಬರೆದಿಡಿ.

ಅಕ್ಕಿಯೂ ಸರಿ, ಆದರೂ ಕೊನೆಯ ಸಾಲಿಗೆ ಸಾಲುತ್ತಿಲ್ಲ ಅಂದರೆ ಸೌಟು ನೋಡಿ. ಒಂದು ಕಿಲೋ ಅಕ್ಕಿಗೆ ಎರಡೂವರೆಯಿಂದ ಮೂರು ಕಿಲೋ ಅನ್ನವಾಗುತ್ತದೆ. ಅಂದರೆ ಚಿಕ್ಕ ಮಗುವಿನ ಪಾಲು 250ರಿಂದ 300 ಗ್ರಾಂ. ಬಡಿಸುವ ಸೌಟಿನಲ್ಲಿ ಒಮ್ಮೆ ಅನ್ನ ತುಂಬಿ ತೂಗಿದರೆ "ಚಿಕ್ಕವರಿಗೆ ಎರಡು, ದೊಡ್ಡವರಿಗೆ ಮೂರು" ಎಂಬಂಥ ಲೆಕ್ಕ ಸಿಗುತ್ತದೆ. ಎರಡು ಪಂಕ್ತಿಗೆ ಎರಡು ಅಳತೆಯ ಸೌಟು ಹಿಡಿದಿರುವುದು ತುಂಬ ಸಾಮಾನ್ಯ. ಮೊದಲ ಸುತ್ತು ಅಳತೆಗೆ, ಎರಡನೆಯ ಸುತ್ತು ಕೇಳಿದವರಿಗೆ.

ಮಿಗುವುದರಲ್ಲಿ ಎರಡು ಬಗೆ ಇದೆ, ಬೆರೆಸಬೇಡಿ. ಡಬರಿಯಲ್ಲಿ ಮಿಕ್ಕಿದರೆ ಎಣಿಕೆಯ ದೋಷ. ತಟ್ಟೆಯಲ್ಲಿ ಬಿಟ್ಟರೆ ರುಚಿಯದ್ದು, ಬಡಿಸಿದ್ದರದ್ದು, ಇಲ್ಲವೇ ಹನ್ನೊಂದರ ಬಿಡುವಿನಲ್ಲಿ ಗೇಟಿನ ಹೊರಗೆ ತಿಂದ ಕುರುಕುಲಿನದ್ದು. ಒಂದು ವಾರ ಎರಡು ಬಕೆಟ್ ಇಟ್ಟು ಬೇರೆ ಬೇರೆ ತೂಗಿ, ಪಕ್ಕದಲ್ಲಿ ಅವತ್ತಿನ ಅಡುಗೆ ಬರೆಯಿರಿ. ಶುಕ್ರವಾರ ಮಾತ್ರ ತಟ್ಟೆ ಬಕೆಟ್ ತುಂಬುತ್ತಿದ್ದರೆ ಆ ದಿನದ ತರಕಾರಿ ನೋಡಿ. ಮೂಲಂಗಿ, ಹಾಗಲವನ್ನು ದಪ್ಪ ಹೆಚ್ಚಿದರೆ ಮಕ್ಕಳು ಹೆಕ್ಕಿ ಎಸೆಯುತ್ತಾರೆ. ಸಣ್ಣ ಹೆಚ್ಚಿ ಬೇಳೆಯ ಜೊತೆ ಬೇಯಿಸಿದರೆ ಹೊಟ್ಟೆಗೆ ಹೋಗುತ್ತದೆ.

ಎಲ್ಲ ಸರಿಪಡಿಸಿದ ಮೇಲೂ ಮಿಗುತ್ತಲೇ ಇದ್ದರೆ ವಾರದ ತೂಕದ ಪಟ್ಟಿ ಸಮೇತ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೂ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೂ ಬರೆದು ತಿಳಿಸಿ. ಒಲೆಗೆ ಕಡಿಮೆ ಹಾಕಿ ಪುಸ್ತಕದಲ್ಲಿ ಪೂರ್ತಿ ಬರೆಯುವುದು ಪರಿಹಾರವಲ್ಲ, ಇನ್ನೊಂದು ದೋಷ. ಮಿಕ್ಕ ಅನ್ನವನ್ನು ಸಂಜೆಗೋ ನಾಳೆಗೋ ಇಡುವಂತಿಲ್ಲ.

ತಳದಲ್ಲಿ ಮುದ್ದೆ, ಮೇಲೆ ಗಟ್ಟಿಕಾಳು

ಕಾರಣ ಸಾಮಾನ್ಯವಾಗಿ ಪಾತ್ರೆಯ ಆಳ. ಬಿಸಿ ತಳದಿಂದ ಮಾತ್ರ ಬರುತ್ತದೆ. 14 ಕಿಲೋ ಅಕ್ಕಿಯನ್ನು ಒಂದೇ ಡಬರಿಗೆ ಹಾಕಿದರೆ ಮೇಲಿನ ಪದರ ಬೇಯುವ ಹೊತ್ತಿಗೆ ಕೆಳಗಿನದು ಕರಗಿರುತ್ತದೆ. 7 ಕಿಲೋದ ಹಾಗೆ ಎರಡು ಪಾತ್ರೆಗೆ ಹಂಚಿ. ಒಲೆ ಒಂದೇ ಇದ್ದರೆ ಅಗಲವಾದ ಪಾತ್ರೆ ಹಿಡಿಯಿರಿ. ಎಸರು ಚೆನ್ನಾಗಿ ಕುದಿ ಬಂದ ಮೇಲೇ ಅಕ್ಕಿ ಹಾಕಿ. ಹಾಕಿದ ಕೂಡಲೇ ಒಮ್ಮೆ, ಮತ್ತೆ ಕುದಿ ಬಂದಾಗ ಒಮ್ಮೆ ತಳದಿಂದ ಕೆದಕಿ, ಆಮೇಲೆ ಮುಚ್ಚಿ ಉರಿ ತಗ್ಗಿಸಿ.

ನೀರು ಕಿಲೋ ಅಕ್ಕಿಗೆ ಎರಡೂವರೆ ಲೀಟರಿನಿಂದ ಶುರು ಮಾಡಿ, ಹೊಸ ಅಕ್ಕಿಯಾದರೆ ಸ್ವಲ್ಪ ಇಳಿಸಿ, ಹಳೆಯದಾದರೆ ಏರಿಸಿ. ಮನೆಯ ಲೆಕ್ಕವನ್ನೇ ಗುಣಿಸಿದರೆ ನೀರು ಹೆಚ್ಚಾಗುತ್ತದೆ, ಏಕೆಂದರೆ ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆ. ಹೊಸ ಲೋಡು ಬಂದ ಮೊದಲ ದಿನ ಅನ್ನ ಕೆಟ್ಟಿದ್ದರೆ ಅಡುಗೆಯವರನ್ನು ಬೈಯಬೇಡಿ. ಅಕ್ಕಿ ಬದಲಾಗಿದೆ ಅಷ್ಟೆ.

"ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳಿದೆ"

ಪೋಷಕರು ಮೊಬೈಲಿನಲ್ಲಿ ವೀಡಿಯೊ ಹಿಡಿದು ಬರುವ ದೂರು ಇದು. ಆ ಕಾಳು ಸಾರವರ್ಧಿತ ಅಕ್ಕಿಯದು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಿಲೋ ಅಕ್ಕಿಗೆ ಸುಮಾರು ಒಂದು ಕಿಲೋದಂತೆ ಬೆರೆಸಿರುತ್ತಾರೆ. ಬಣ್ಣ ತುಸು ಬೇರೆ, ಕೆಲವು ನೀರಿನಲ್ಲಿ ತೇಲುತ್ತವೆ ಕೂಡ.

ದೂರು ಕೊಟ್ಟವರ ಎದುರಿಗೇ ಪರೀಕ್ಷಿಸಿ. ಅಂಥ ಹತ್ತು ಕಾಳು ಹೆಕ್ಕಿ ಬಿಸಿನೀರಿನಲ್ಲಿ ನೆನೆಸಿಟ್ಟು ಬೆರಳಲ್ಲಿ ಒತ್ತಿ: ಹಿಟ್ಟಿನಂತೆ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಹಿಸುಕಿದರೆ ಪುಡಿಯಾಗುವುದಿಲ್ಲ. ಇವನ್ನು ಹೆಕ್ಕಿ ಎಸೆಯುವುದು, ಅಕ್ಕಿಯನ್ನು ನಾಲ್ಕೈದು ಸಲ ಉಜ್ಜಿ ತೊಳೆಯುವುದು, ಗಂಜಿ ಬಸಿದು ಚೆಲ್ಲುವುದು, ಮೂರೂ ಬೇಡ. ಸಾರವೆಲ್ಲ ನೀರಿನ ಜೊತೆ ಹೋಗುತ್ತದೆ. ಎರಡು ಸಲ ಹಗುರವಾಗಿ ತೊಳೆದರೆ ಸಾಕು.

ಅಕ್ಕಿ, ಬೇಳೆಗೆ ಹುಳು

ಕಾಳಿನಲ್ಲಿ ಸೂಜಿ ಚುಚ್ಚಿದಂಥ ತೂತು, ಕಂದು ಮೂತಿಹುಳ: ಜರಡಿ ಹಿಡಿದು, ಮೊರದಲ್ಲಿ ಕೇರಿ, ತೊಳೆದು ಬಳಸಬಹುದು. ಕಾಳು ಜೇಡರ ಬಲೆಯಂತೆ ಅಂಟಿ ಗಂಟಾಗಿದ್ದರೆ ಅದು ಪತಂಗದ ಮರಿ; ಗಂಟುಗಳನ್ನು ತೆಗೆದುಹಾಕಿ, ಉಳಿದದ್ದರಲ್ಲಿ ವಾಸನೆ ಇಲ್ಲದಿದ್ದರೆ ಮಾತ್ರ ಮುಂದುವರಿಯಿರಿ. ಮುಗ್ಗಲು ವಾಸನೆ, ಹಸಿರು ಅಥವಾ ಕಪ್ಪು ಬೂಷ್ಟು, ಮುಟ್ಟಿದರೆ ಬೆಚ್ಚಗಿರುವ ಚೀಲ: ಇದು ನಿಲ್ಲಿಸಬೇಕಾದ ಜಾಗ. ಬೂಷ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ. ಆ ಚೀಲವನ್ನು ಬೇರೆ ಇಟ್ಟು, ಚೀಟಿ ಅಂಟಿಸಿ, ಬದಲಿ ಕೇಳಿ.

ಬೇರು ಎಲ್ಲಿ? ಚೀಲ ನೆಲಕ್ಕೆ ತಾಗಿದೆಯೇ, ಗೋಡೆಗೆ ಒರಗಿದೆಯೇ ನೋಡಿ. ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆ, ಗೋಡೆಯಿಂದ ಒಂದು ಅಡಿ ದೂರ. ಬಂದ ತಾರೀಖನ್ನು ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆದರೆ ಹಳೆಯದು ಮೊದಲು ಖಾಲಿಯಾಗುತ್ತದೆ. ಜೂನ್‌ನಲ್ಲಿ ಹುಳದ ದೂರು ಹೆಚ್ಚುವುದಕ್ಕೆ ಬೇಸಿಗೆ ರಜೆಯಲ್ಲಿ ಬೀಗ ಹಾಕಿಟ್ಟ ಅರ್ಧ ಚೀಲಗಳೇ ಕಾರಣ. ಏಪ್ರಿಲ್‌ನಲ್ಲೇ ಬಾಕಿ ತೂಗಿ ಕೋಣೆ ಗುಡಿಸಿ.

ಹುಳಕ್ಕೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಶಾಲೆಯ ಉಗ್ರಾಣದಲ್ಲಿ ಇಡಲೇಬೇಡಿ. ಅದು ಬಿಡುವ ಅನಿಲ ಪಕ್ಕದ ತರಗತಿಗೂ ಹರಡಿ ಜೀವ ತೆಗೆಯಬಲ್ಲದು. ಬೋರಿಕ್ ಪುಡಿ ಬೆರೆಸುವುದೂ ಬೇಡ.

ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿಲ್ಲ

ಮೂರು ಶಂಕಿತರು: ಹುಳಿ, ನೀರು, ಬೇಳೆ. ಹುಣಸೆ ಅಥವಾ ಟೊಮೆಟೊವನ್ನು ಬೇಳೆ ಬೇಯುವ ಮೊದಲೇ ಹಾಕಿದ್ದೀರಾ? ಹುಳಿ ಬಿದ್ದರೆ ಬೇಳೆ ಮೆತ್ತಗಾಗುವುದು ನಿಂತುಹೋಗುತ್ತದೆ. ಅಡುಗೆಯ ಕ್ರಮ ಬದಲಿಸಿದರೆ ಸಾಕು, ಖರ್ಚಿಲ್ಲ.

ಹುಳಿ ಹಾಕಿಲ್ಲ ಅಂದರೆ ಎರಡು ಸಣ್ಣ ಪಾತ್ರೆ ತೆಗೆದುಕೊಳ್ಳಿ. ಅದೇ ಬೇಳೆ, ತಲಾ ಒಂದು ಹಿಡಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಊರಿನ ಶುದ್ಧ ನೀರಿನ ಘಟಕದ ನೀರು. ಒಟ್ಟಿಗೆ ಒಲೆಗಿಡಿ. ಘಟಕದ ನೀರಿನದು ಮಾತ್ರ ಬೆಂದರೆ ದೋಷ ನಿಮ್ಮ ಗಡಸು ನೀರಿನದು: ಅದರಲ್ಲಿರುವ ಸುಣ್ಣದ ಅಂಶ ಬೇಳೆಯ ಗೋಡೆಯನ್ನು ಬಿಗಿಯುತ್ತದೆ. ಆಗ ಬೇಳೆ ಬೇಯಿಸಲಿಕ್ಕೆ ಮಾತ್ರ ಘಟಕದ ನೀರು ತನ್ನಿ, 2.8 ಕಿಲೋ ಬೇಳೆಗೆ ಒಂದು ಕ್ಯಾನು ನೀರು ಧಾರಾಳ. ಎರಡೂ ಬೇಯದಿದ್ದರೆ ಬೇಳೆ ಹಳೆಯದು. ಹಿಂದಿನ ರಾತ್ರಿ ನೆನೆಸುವ ಬದಲು ಬೆಳಿಗ್ಗೆ ಬಂದ ಕೂಡಲೇ ಒಂದು ಗಂಟೆ ನೆನೆಸಿ ನೋಡಿ. ರಾತ್ರಿಯಿಡೀ ನೆನೆದರೆ ಸೆಕೆಗಾಲದಲ್ಲಿ ಹುಳಿಯುತ್ತದೆ. ಅರ್ಧ ಬೆಂದು ಅರ್ಧ ಉಳಿದರೆ ಹಳೆಯದು ಹೊಸದು ಬೆರೆತಿದೆ. ಸೋಡಾ ಹಾಕಿ ಬೇಯಿಸುವುದು ಸುಲಭವೇನೋ ಹೌದು, ಆದರೆ ಬಿ ಜೀವಸತ್ವ ಹಾಳು. ಮಕ್ಕಳ ಊಟಕ್ಕೆ ಆ ಅಭ್ಯಾಸ ಬೇಡ.

ತೊಳೆದ ನೀರು ಕಡು ಹಳದಿಯಾಗಿ ಕೈಗೂ ಅಂಟಿದರೆ ಬಣ್ಣ ಹಾಕಿರಬಹುದು. ಬೇಯಿಸಬೇಡಿ, ಚೀಲ ಬೇರೆ ಇಡಿ.

ಕುಕ್ಕರಿನಲ್ಲಿ ಬೇಳೆ ಅರ್ಧಕ್ಕಿಂತ ಮೇಲೆ ತುಂಬಬಾರದು. ನೊರೆ ಎದ್ದು ಆವಿಯ ದಾರಿ ಕಟ್ಟಿಕೊಂಡರೆ ಮುಚ್ಚಳ ಹಾರುತ್ತದೆ. ವಿಷಲ್ ಬರದೆ ಅಂಚಿನಿಂದ ಆವಿ ಬರುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ. ಅಂಚಿನಿಂದಲೂ ಇಲ್ಲ, ವಿಷಲಿನಿಂದಲೂ ಇಲ್ಲ ಅಂದರೆ ಒಲೆ ಆರಿಸಿ ದೂರ ನಿಲ್ಲಿ. ಪೂರ್ತಿ ತಣ್ಣಗಾದ ಮೇಲೆ ವಿಷಲಿನ ತೂತಿಗೆ ಕಣ್ಣಿಟ್ಟು ಬೆಳಕು ಕಾಣುತ್ತದೆಯೇ ನೋಡಿ. ಸೇಫ್ಟಿ ವಾಲ್ವ್ ಬದಲು ಬೋಲ್ಟು ಬಿಗಿದ ಕುಕ್ಕರ್ ಕಂಡರೆ ಅವತ್ತೇ ಬಳಕೆ ನಿಲ್ಲಿಸಿ.

ಗ್ಯಾಸ್: ಬೇಗ ಮುಗಿಯುತ್ತದೆ, ಉರಿ ಹಳದಿ, ಅರ್ಧಕ್ಕೇ ಕುಗ್ಗುತ್ತದೆ

ಮೂರೂ ಬೇರೆ ಬೇರೆ ರೋಗ. ಮೂರಕ್ಕೂ ಸಿಲಿಂಡರ್ ಕೊಟ್ಟವರನ್ನೇ ಬೈಯುವ ರೂಢಿಯಿದೆ.

ಉರಿ ಹಳದಿ, ಪಾತ್ರೆಯ ತಳ ಮಸಿ: ಗಾಳಿ ಸಾಲುತ್ತಿಲ್ಲ. ಒಲೆ ಪೂರ್ತಿ ಆರಿದ ಮೇಲೆ ಬರ್ನರ್ ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು ಒಣಗಿಸಿ. ಉಕ್ಕಿ ಸುರಿದ ಗಂಜಿ ತೂತುಗಳಲ್ಲಿ ಒಣಗಿ ಕೂತಿರುತ್ತದೆ. ಮೊಳೆ ಹೊಡೆದು ತೂತು ದೊಡ್ಡದು ಮಾಡಬೇಡಿ. ಬರ್ನರಿನ ಕೊಳವೆಯ ಬುಡದಲ್ಲಿ ತಿರುಗಿಸುವ ತಗಡಿನ ಬಿಲ್ಲೆ ಇರುತ್ತದೆ, ಗಾಳಿ ಒಳಗೆ ಹೋಗುವ ದಾರಿ ಅದು. ಉರಿ ನೀಲಿಯಾಗುವವರೆಗೆ ಸ್ವಲ್ಪ ಸ್ವಲ್ಪ ತೆರೆಯಿರಿ. ಉರಿ ಬರ್ನರಿನಿಂದ ಮೇಲೆದ್ದು ಭುಸ್ ಎಂದರೆ ಹೆಚ್ಚಾಯಿತು, ತುಸು ಮುಚ್ಚಿ. ಇಷ್ಟರಲ್ಲೂ ಸರಿಹೋಗದಿದ್ದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ ಕೆಟ್ಟಿದೆ. ಅದು ಮೆಕ್ಯಾನಿಕ್ ಕೆಲಸ.

ಶುರುವಿಗೆ ಚೆನ್ನಾಗಿದ್ದ ಉರಿ ಅರ್ಧ ಗಂಟೆಗೆ ಕುಗ್ಗಿತು, ಸಿಲಿಂಡರಿನ ಕೆಳಭಾಗ ಬೆವರಿದೆ ಅಥವಾ ಬಿಳಿ ಮಂಜು ಕಟ್ಟಿದೆ: ಗ್ಯಾಸ್ ಮುಗಿದಿಲ್ಲ. ಒಳಗಿನ ದ್ರವ ಆವಿಯಾಗಲು ಸಿಲಿಂಡರಿನ ಬಿಸಿಯನ್ನೇ ಹೀರುತ್ತದೆ. ಒಂದೇ ಸಿಲಿಂಡರಿನಿಂದ ಎರಡು ದೊಡ್ಡ ಒಲೆ ಜೋರಾಗಿ ಉರಿಸಿದರೆ ಅದು ತಣ್ಣಗಾಗಿ ಒತ್ತಡ ಇಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಇದು ಹೆಚ್ಚು. ಬಿಸಿನೀರು ಸುರಿಯಬೇಡಿ, ಮಲಗಿಸಬೇಡಿ. ಮಲಗಿಸಿದರೆ ದ್ರವವೇ ಪೈಪಿಗೆ ಬಂದು ಉರಿ ಮಾರುದ್ದ ಚಿಮ್ಮುತ್ತದೆ. ಸದ್ಯಕ್ಕೆ ಒಂದು ಒಲೆ ಆರಿಸಿ, ಅನ್ನವಾದ ಮೇಲೆ ಸಾಂಬಾರು ಇಡಿ. ಶಾಶ್ವತ ಪರಿಹಾರ ಎರಡು ಸಿಲಿಂಡರ್ ಕೂಡಿಸುವ ಜೋಡಣೆ, ಅದನ್ನು ಏಜೆನ್ಸಿಯವರೇ ಮಾಡಬೇಕು.

ಬೇಗ ಮುಗಿಯುತ್ತದೆ: ಬಂದ ದಿನವೇ ತೂಗಿ. ಖಾಲಿ ತೂಕ ಸಿಲಿಂಡರಿನ ಕತ್ತಿನ ಬಳಿ ಬರೆದಿರುತ್ತದೆ. ಅದು 18.6 ಕಿಲೋ ಎಂದಿದ್ದರೆ 19 ಕಿಲೋದ ವಾಣಿಜ್ಯ ಸಿಲಿಂಡರ್ ಒಟ್ಟು 37.6 ಕಿಲೋ ತೂಗಬೇಕು. ತೂಕ ಸರಿಯಿದ್ದರೆ ಒಂದು ವಾರ ದಿನಾ ಅಡುಗೆ ಮುಗಿದ ಮೇಲೆ ತೂಗಿ ಬರೆಯಿರಿ. ಎಲ್ಲ ದಿನವೂ ಸಮನಾಗಿ ಇಳಿದರೆ ಬಳಕೆಯೇ ಹೆಚ್ಚು: ಮುಚ್ಚಳವಿಲ್ಲದ ಡಬರಿ, ನೆನೆಸದ ಬೇಳೆ, ಮಸಿ ಹಿಡಿದ ತಳ. ಶನಿವಾರ ಸಂಜೆಯ ತೂಕಕ್ಕೂ ಸೋಮವಾರ ಬೆಳಗಿನ ತೂಕಕ್ಕೂ ವ್ಯತ್ಯಾಸ ಬಂದರೆ ಸೋರಿಕೆ, ಇಲ್ಲವೇ ಯಾರೋ ಬಳಸಿದ್ದಾರೆ. ಸೋಪಿನ ನೊರೆಯನ್ನು ರೆಗ್ಯುಲೇಟರ್, ಪೈಪಿನ ಎರಡು ತುದಿ, ಒಲೆಯ ತಿರುಪಿಗೆ ಹಚ್ಚಿ ಗುಳ್ಳೆ ನೋಡಿ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ಅವರನ್ನು ಅಡುಗೆಮನೆಯಿಂದ ದೂರ ಇಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷ ಆಯುಸ್ಸು, ಬಿರುಕು ಬಿಟ್ಟರೆ ಅದಕ್ಕೂ ಮೊದಲು ಬದಲಿಸಿ. ಸಿಲಿಂಡರಿನ ಹಿಡಿಯ ಪಟ್ಟಿಯಲ್ಲಿ "ಬಿ 28" ಎಂದಿದ್ದರೆ 2028ರ ಏಪ್ರಿಲ್‌ನಿಂದ ಜೂನ್‌ ಒಳಗೆ ಮರುಪರೀಕ್ಷೆ ಆಗಬೇಕೆಂದು ಅರ್ಥ. ಅವಧಿ ಮೀರಿದ್ದನ್ನು ಇಳಿಸಿಕೊಳ್ಳಬೇಡಿ.

ಹಾಲು ಗಂಟಾಯಿತು; ಒಡೆಯಿತು

ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರ ಭಾಗ್ಯ ಯೋಜನೆಯ ಲೆಕ್ಕ ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು. 120 ಮಕ್ಕಳಿಗೆ 2.16 ಕಿಲೋ ಪುಡಿ, 18 ಲೀಟರ್ ಹಾಲು. ಹಾಲು ತೆಳ್ಳಗಿದೆ ಎಂಬ ದೂರು ಬಂದರೆ ಮೊದಲು ಈ ಎರಡು ಅಂಕಿ ತಾಳೆ ನೋಡಿ. ನೀರನ್ನು ಬಿಂದಿಗೆ ಲೆಕ್ಕದಲ್ಲಿ ಸುರಿದರೆ ಹೀಗಾಗುತ್ತದೆ.

ಗಂಟಾಗುವುದು ಕುದಿಯುವ ನೀರಿಗೆ ಪುಡಿ ಸುರಿದಾಗ: ಹೊರಪದರ ತಕ್ಷಣ ಬೆಂದು ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಉಗುರುಬೆಚ್ಚನೆಯ ನೀರು ಪುಡಿಯ ಎರಡರಷ್ಟು ತೆಗೆದುಕೊಂಡು, ಪುಡಿ ಉದುರಿಸುತ್ತಾ ಕಡಗೋಲಿನಲ್ಲಿ ಕಡೆದು, ದೋಸೆ ಹಿಟ್ಟಿನಂತಾದ ಮೇಲೆ ಉಳಿದ ಬಿಸಿನೀರಿಗೆ ಸೇರಿಸಿ. ಚೀಲದೊಳಗೇ ಗಟ್ಟಿಯಾಗಿ ಹಳದಿ ತಿರುಗಿ ಕಮಟು ಬಂದಿದ್ದರೆ ಅದು ಬೆರೆಸುವ ದೋಷವಲ್ಲ, ಪುಡಿ ಕೆಟ್ಟಿದೆ.

ಒಡೆದರೆ ಒಂದು ಲೋಟ ಪರೀಕ್ಷೆ. ತೊಳೆದ ಸ್ಟೀಲ್ ಲೋಟ, ಘಟಕದ ನೀರು, ಎರಡು ಚಮಚ ಪುಡಿ, ಕುದಿಸಿ. ಒಡೆದರೆ ದೋಷ ಪುಡಿಯದು. ತಾರೀಖು ನೋಡಿ, ಚೀಲ ನಿಲ್ಲಿಸಿ. ಒಡೆಯದಿದ್ದರೆ ಪಾತ್ರೆ ಅಥವಾ ನೀರು. ನಿನ್ನೆ ಸಾಂಬಾರು ಮಾಡಿದ ಡಬರಿಯ ಕಂಠದಲ್ಲಿ, ಹಿಡಿ ಕೂಡಿದ ಸಂದಿಯಲ್ಲಿ ಹುಣಸೆಯ ಹುಳಿ ಉಳಿದಿರುತ್ತದೆ. ಬೆರಳಲ್ಲಿ ತಡವಿದರೆ ಜಿಗುಟು ಸಿಗುತ್ತದೆ. ಹಾಲಿಗೊಂದು ಪಾತ್ರೆ, ಒಂದು ಸೌಟು ಬೇರೆಯೇ ಇಡುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಒಡೆದ ಹಾಲು ಮಕ್ಕಳಿಗೆ ಬೇಡ.

ಮೊಟ್ಟೆ

ಹಳದಿಯ ಸುತ್ತ ಹಸಿರು ಉಂಗುರ ಕಂಡರೆ ಹೆಚ್ಚು ಬೆಂದಿದೆ ಅಷ್ಟೆ, ತಿನ್ನಬಹುದು. ಕುದಿ ಬಂದ ಮೇಲೆ 10–12 ನಿಮಿಷ ಸಾಕು. ಸಿಪ್ಪೆ ಅಂಟಿಕೊಂಡರೆ ಮೊಟ್ಟೆ ತೀರ ತಾಜಾ. ಹಸಿ ಮೊಟ್ಟೆ ನೀರಿನಲ್ಲಿ ತೇಲಿದರೆ, ಒಡೆದು ಸೋರುತ್ತಿದ್ದರೆ, ವಾಸನೆ ಬಂದರೆ ತೆಗೆದಿಡಿ. ಹಸಿ ಮೊಟ್ಟೆ ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಬೆಂದದ್ದನ್ನು ಸುಲಿಯಬಾರದು.

ಗಂಟೆ ಹೊಡೆದರೂ ಅಡುಗೆ ಆಗಿಲ್ಲ

ಸಿಬ್ಬಂದಿ ಎಣಿಸಿ. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಒಬ್ಬರಂತೆ. ನಮ್ಮ 120 ಮಕ್ಕಳ ಶಾಲೆಗೆ ಮೂವರು ಬೇಕು. ಇಬ್ಬರೇ ಇದ್ದು, ಅವರಲ್ಲೊಬ್ಬರು ನೀರು ಹೊರುತ್ತಿದ್ದರೆ ಗಡಿಯಾರ ನೋಡಿ ಗದರಿ ಪ್ರಯೋಜನವಿಲ್ಲ. ತಡವಾದಾಗ ಆಗುವ ನಿಜವಾದ ಅಪಾಯ ಬೇರೆ: ಅವಸರದಲ್ಲಿ ಕುದಿಯುವ ಸಾಂಬಾರಿನ ಡಬರಿಯನ್ನು ಮಕ್ಕಳ ಸಾಲಿನ ನಡುವೆ ಹೊತ್ತು ತರುವುದು. ಡಬರಿ ಅಡುಗೆಮನೆಯಲ್ಲೇ ಇರಲಿ, ಸಣ್ಣ ಬಕೆಟ್ಟಿನಲ್ಲಿ ತನ್ನಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಬೇಡ.

ದಾಸ್ತಾನು ಪುಸ್ತಕಕ್ಕೂ ಚೀಲಕ್ಕೂ ಹೊಂದುತ್ತಿಲ್ಲ

ಕಳ್ಳತನ ಅನ್ನುವ ಮೊದಲು ಮೂರು ಕಡೆ ನೋಡಿ. ಒಂದು, 50 ಕಿಲೋ ಚೀಲವನ್ನು ತೂಗದೆ ಇಳಿಸಿಕೊಂಡಿರುವುದು. ಗೋಣಿಯದೇ ಅರ್ಧ ಕಿಲೋಗೂ ಹೆಚ್ಚು ತೂಗುತ್ತದೆ. ಎರಡು, ಎಣ್ಣೆ. ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಎಂದು ಅಚ್ಚಾಗಿರುತ್ತದೆ. ದಿನಕ್ಕೆ 700 ಗ್ರಾಂ ಎಂದು ಬರೆದು 700 ಮಿ.ಲೀ. ಅಳೆದು ಹಾಕಿದರೆ ದಿನಾ 63 ಗ್ರಾಂ ಉಳಿಯುತ್ತದೆ. 20 ದಿನಕ್ಕೆ ಒಂದೂಕಾಲು ಕಿಲೋ ಎಣ್ಣೆ "ಎಲ್ಲಿಂದಲೋ" ಹೆಚ್ಚು ಬರುತ್ತದೆ. ಮೂರು, ಹುಳು ಹಿಡಿದು ಜರಡಿಯಲ್ಲಿ ಹೋದದ್ದನ್ನು, ಪಕ್ಕದ ಶಾಲೆಗೆ ಕಡ ಕೊಟ್ಟದ್ದನ್ನು ಬರೆಯದಿರುವುದು. ಇಷ್ಟು ಕಳೆದೂ ಒಂದು ದಿನದ ಬಳಕೆಗಿಂತ ಹೆಚ್ಚು ವ್ಯತ್ಯಾಸ ಉಳಿದರೆ, ಅಂಕಿ ತಿದ್ದದೆ, ಎಸ್‌ಡಿಎಂಸಿ ಸದಸ್ಯರ ಎದುರು ತೂಗಿಸಿ ಬರಹದಲ್ಲಿ ತಿಳಿಸಿ.

ಊಟವಾದ ಮೇಲೆ ವಾಂತಿ, ಹೊಟ್ಟೆನೋವು

ಮೊದಲು ಮಕ್ಕಳು, ಆಮೇಲೆ ಪತ್ತೆ. ಬಡಿಸುವುದು ನಿಲ್ಲಿಸಿ, ತಿನ್ನುತ್ತಿರುವವರ ತಟ್ಟೆ ಕೆಳಗಿಡಿಸಿ, 108ಕ್ಕೆ ಕರೆ ಮಾಡಿ. ವಾಂತಿ ಮಾಡುತ್ತಿರುವ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಎಚ್ಚರವಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಒಂದು ಪೊಟ್ಟಣದಂತೆ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕೊಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಕೆಲವರು ಹೆದರಿಕೆಗೇ ವಾಂತಿ ಮಾಡುತ್ತಾರೆ ಎಂಬುದು ನಿಜ. ಯಾರು ಹೆದರಿದವರು ಎಂದು ತೀರ್ಮಾನಿಸುವುದು ವೈದ್ಯರ ಕೆಲಸ, ನಿಮ್ಮದಲ್ಲ.

ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಪಾತ್ರೆ ತೊಳೆದು ಅನ್ನ ಚೆಲ್ಲುವುದು. ಮುಚ್ಚಿ, ಬೀಗ ಹಾಕಿ. ಎಣ್ಣೆ, ಉಪ್ಪು, ಖಾರದಪುಡಿ ಪ್ಯಾಕೆಟ್, ನೀರು ಇದ್ದಲ್ಲೇ ಇರಲಿ. ದಿನಾ ಪ್ರತಿ ಅಡುಗೆಯಿಂದ ಒಂದು ಸಣ್ಣ ಡಬ್ಬಿ ತೆಗೆದು ಫ್ರಿಜ್ಜಿನಲ್ಲಿಡುವ ಅಭ್ಯಾಸವಿದ್ದರೆ ಈ ಹೊತ್ತಿಗೆ ಅದರ ಬೆಲೆ ತಿಳಿಯುತ್ತದೆ. ಬಡಿಸುವ ಮೊದಲು ಶಿಕ್ಷಕರು ಸೇರಿ ದೊಡ್ಡವರು ರುಚಿ ನೋಡುವ ನಿಯಮ ಇರುವುದೂ ಇದಕ್ಕೇ. ಯಾರು, ಎಷ್ಟು ಗಂಟೆಗೆ ರುಚಿ ನೋಡಿದರು, ಅವರಿಗೆ ಏನಾದರೂ ಆಯಿತೇ ಎಂದು ವೈದ್ಯರಿಗೆ ಹೇಳಿ.

ಊಟಕ್ಕೂ ಲಕ್ಷಣಕ್ಕೂ ನಡುವಿನ ಹೊತ್ತು ಕಾರಣದ ಸುಳಿವು ಕೊಡುತ್ತದೆ. ಕೆಲವೇ ನಿಮಿಷದಿಂದ ಒಂದು ಗಂಟೆಯೊಳಗೆ, ಬಾಯಲ್ಲಿ ಜೊಲ್ಲು, ಬೆವರು, ಉಸಿರಾಟದ ಕಷ್ಟ, ಕಣ್ಣಪಾಪೆ ಚುಕ್ಕಿಯಂತೆ ಸಣ್ಣದಾಗುವುದು: ಕೀಟನಾಶಕದ ಅನುಮಾನ. ಅನುಮಾನದ ಡಬ್ಬಿಯನ್ನೂ ಆಸ್ಪತ್ರೆಗೆ ಕೊಂಡೊಯ್ಯಿರಿ. ಒಂದರಿಂದ ಆರು ಗಂಟೆಯೊಳಗೆ ವಾಂತಿಯೇ ಜೋರಾಗಿದ್ದರೆ ಬಹಳ ಹೊತ್ತು ಬೆಚ್ಚಗೆ ನಿಂತ ಅನ್ನ, ಇಲ್ಲವೇ ಅಡುಗೆಯವರ ಕೈಯ ಕೀವು ಗಾಯ. ಇವುಗಳಲ್ಲಿ ರೋಗಾಣು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದಕ್ಕೇ ಕೈಗೆ ಗಾಯ, ವಾಂತಿ-ಭೇದಿ ಇದ್ದವರಿಗೆ ಅವತ್ತು ಅಡುಗೆಯಿಂದ ರಜೆ ಕೊಡಿ, ಗೌರವಧನ ಕತ್ತರಿಸುವ ಭಯವಿಲ್ಲದೆ. ಭಯವಿದ್ದರೆ ಗಾಯ ಮುಚ್ಚಿಟ್ಟುಕೊಂಡು ಬರುತ್ತಾರೆ. ಎಂಟರಿಂದ ಹದಿನಾರು ಗಂಟೆಗೆ ಹೊಟ್ಟೆ ಕಿವುಚುವುದು, ಭೇದಿ ಬಂದರೆ ದೊಡ್ಡ ಡಬರಿಯಲ್ಲಿ ನಿಧಾನ ಆರಿದ ಸಾಂಬಾರಿನ ಮೇಲೆ ಅನುಮಾನ. ಅರ್ಧ ದಿನದಿಂದ ಮೂರು ದಿನದೊಳಗೆ ಜ್ವರ ಸೇರಿದ ಭೇದಿಯಾದರೆ ಮೊಟ್ಟೆ ಅಥವಾ ನೀರು.

ಅವತ್ತು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದೀರಾ ಎಂದೂ ನೆನಪಿಸಿಕೊಳ್ಳಿ. ಚಿಕ್ಕವರಿಗೆ ಗುಲಾಬಿ, ಆರನೇ ತರಗತಿಯಿಂದ ನೀಲಿ. ಖಾಲಿ ಹೊಟ್ಟೆಗೆ ನುಂಗಿದರೆ ಓಕರಿಕೆ ಸಹಜ. ಆದರೂ ವೈದ್ಯರಿಗೆ ಹೇಳಿ, ನೀವೇ ಸಮಾಧಾನ ಮಾಡಿಕೊಳ್ಳಬೇಡಿ.

ತಡವಾಗಿ ಬರುವ ಕಾಯಿಲೆ ಶಾಲೆಯ ಕಣ್ಣಿಗೆ ಬೀಳುವುದೇ ಇಲ್ಲ, ಮಕ್ಕಳು ಆಗ ಮನೆಯಲ್ಲಿರುತ್ತಾರೆ. ಹಾಗಾಗಿ ಮರುದಿನದ ಹಾಜರಿ ಪುಸ್ತಕವೇ ಪರೀಕ್ಷೆಯ ಸಾಧನ. ಒಂದೇ ತರಗತಿಯಲ್ಲಿ, ಬೇರೆ ಬೇರೆ ಓಣಿಯ ನಾಲ್ಕೈದು ಮಕ್ಕಳು ಒಟ್ಟಿಗೆ ಬಂದಿಲ್ಲ ಅಂದರೆ ಒಲೆ ಹೊತ್ತಿಸುವ ಮೊದಲು ಮನೆಗಳಿಗೆ ಫೋನ್ ಮಾಡಿ ಕೇಳಿ. ಭೇದಿ ಎಂಬ ಉತ್ತರ ಎರಡು ಮನೆಯಿಂದ ಬಂದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ತಿಳಿಸಿ. ತೊಟ್ಟಿಯ ನೀರಿನ ಮಾದರಿ ತೆಗೆದ ಮೇಲೆಯೇ ತೊಟ್ಟಿ ಖಾಲಿ ಮಾಡಿ ಉಜ್ಜಿ. ತುಂಬಿದ ಮೇಲೆ 1,000 ಲೀಟರಿಗೆ 4 ಗ್ರಾಂ ತಾಜಾ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ತಳ ಕೂತ ಮೇಲಿನ ತಿಳಿಯನ್ನು ಮಾತ್ರ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಅಷ್ಟಾದರೂ ಆರೋಗ್ಯ ಇಲಾಖೆಯವರು ಸರಿ ಎನ್ನುವವರೆಗೆ ಅಡುಗೆ ನಿಲ್ಲಲಿ. ಬಿಸಿಯೂಟ ಸಿಗದ ಶಾಲಾ ದಿನಕ್ಕೆ ಮಕ್ಕಳಿಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕೆಂದು 2015ರ ಬಿಸಿಯೂಟ ನಿಯಮಗಳಲ್ಲಿದೆ. ಯಾವ ದಿನ, ಎಷ್ಟು ಮಕ್ಕಳು, ಏಕೆ ಎಂಬುದನ್ನು ಅವತ್ತೇ ಬರೆದಿಡಿ.